ತಪಸ್ಸು ಕಾಲದ ಶುಕ್ರವಾರ ಹಬ್ಬ ಬಂದರೆ ಮಾಂಸ ತಿನ್ನಬಹುದೇ? ಫಾರ್ವರ್ಡ್‌ಗಳು ಹೇಳದೆ ಬಿಡುವ ಮೂರು ವಿಷಯಗಳು

ನಮ್ಮ ತಂಡದ ಒಬ್ಬರದು ಮಂಗಳೂರಿನ ಕಥೋಲಿಕ ಕುಟುಂಬ. ತಪಸ್ಸು ಕಾಲದ ಒಂದು ಗುರುವಾರ ರಾತ್ರಿ ಅವರ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಅಮೆರಿಕದ ಯಾವುದೋ ಬಿಷಪ್ ಕಚೇರಿಯ ಪತ್ರ ಅದು. ಮೇಲೆ ಯಾರೋ ಕನ್ನಡದಲ್ಲಿ ಸೇರಿಸಿದ್ದರು: ನಾಳೆ ಶುಕ್ರವಾರ ಹಬ್ಬ, ಮಾಂಸಕ್ಕೆ ಚರ್ಚ್ ಅನುಮತಿ ಕೊಟ್ಟಿದೆ, ಎಲ್ಲರಿಗೂ ತಿಳಿಸಿ.

ಅರ್ಧ ಗಂಟೆಯಲ್ಲಿ ಗುಂಪು ಎರಡು ಪಾಲಾಯಿತು. ಅತ್ತೆಯೊಬ್ಬರು ಕೋಳಿಗೆ ಮಸಾಲೆ ಹಚ್ಚಿ ಫ್ರಿಜ್‌ನಲ್ಲಿಟ್ಟರು. ಮಾವನೊಬ್ಬರು, ಇದನ್ನು ನಂಬಿ ತಿಂದವರು ಪಾಪ ಕಟ್ಟಿಕೊಳ್ಳುತ್ತಾರೆ ಎಂದು ಬರೆದರು. ಈ ಜಗಳದ ನಡುವೆ 72 ವರ್ಷದ ಅಜ್ಜಿ ಒಂದು ಮಾತು ಹೇಳಿದರು: "ನನಗೆ ಈ ಗೊಂದಲ ಬೇಡ. ನಾಳೆ ಸಂಜೆಯವರೆಗೆ ನಾನು ಏನೂ ತಿನ್ನುವುದಿಲ್ಲ." ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ. ಬೆಳಿಗ್ಗೆ ಮಾತ್ರೆ ತಗೊಳ್ಳಲೇಬೇಕು.

ಮರುದಿನ ಪತ್ರವನ್ನು ದೊಡ್ಡದು ಮಾಡಿ ನೋಡಿದಾಗ ತಿಳಿಯಿತು: ಅದು ನಿಜವಾದ ಪತ್ರವೇ. ಆದರೆ ಅದರ ದಿನಾಂಕ 2023ರ ಮಾರ್ಚ್, ಊರು ಅಮೆರಿಕದ್ದು. ಅದರಲ್ಲಿ ಹೇಳಿದ್ದ ಹಬ್ಬ ಸಂತ ಪ್ಯಾಟ್ರಿಕರದು. ಮಂಗಳೂರಿನ ಆ ಶುಕ್ರವಾರಕ್ಕೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ.

ಇಂಥ ಸಂದೇಶಗಳು ಪ್ರತಿ ವರ್ಷ ಫೆಬ್ರುವರಿ, ಮಾರ್ಚ್ ಬಂತೆಂದರೆ ಓಡಾಡುತ್ತವೆ. ಕೆಲವು ಅರ್ಧ ನಿಜ, ಕೆಲವು ಪೂರ್ತಿ ನಿಜವಾದರೂ ಬೇರೆ ಊರಿನವು, ಕೆಲವು ಅಜ್ಜ ಅಜ್ಜಿಯರ ಕಾಲದ ನಿಯಮಗಳು. ಮಾಂಸ ತಿನ್ನಿ ಎನ್ನುವುದಾಗಲಿ ಬಿಡಿ ಎನ್ನುವುದಾಗಲಿ ನಮ್ಮ ಕೆಲಸವಲ್ಲ. ಚರ್ಚ್‌ನ ನಿಯಮದಲ್ಲಿ ಏನಿದೆ, ಹಬ್ಬ ಮತ್ತು ಉಪವಾಸ ಒಂದೇ ದಿನ ಬಂದಾಗ ಯಾವುದಕ್ಕೆ ಮೊದಲ ಸ್ಥಾನ, ಅದನ್ನು ನೀವೇ ಹೇಗೆ ಲೆಕ್ಕ ಹಾಕಬಹುದು ಎಂಬುದನ್ನು ಇಲ್ಲಿ ಸರಳವಾಗಿ ಹೇಳುತ್ತೇವೆ.

ಮೊದಲು: ನಿಯಮದಲ್ಲಿ ನಿಜಕ್ಕೂ ಏನಿದೆ?

ಕಥೋಲಿಕ ಧರ್ಮಸಭೆಗೆ ತನ್ನದೇ ಕಾನೂನು ಪುಸ್ತಕ ಇದೆ. ಅದಕ್ಕೆ ಕ್ಯಾನನ್ ಲಾ ಎನ್ನುತ್ತಾರೆ. ಈಗ ಜಾರಿಯಲ್ಲಿರುವುದು 1983ರಲ್ಲಿ ಬಂದದ್ದು. ಅದರ 1249ರಿಂದ 1253ರವರೆಗಿನ ಐದು ವಿಧಿಗಳು ಉಪವಾಸ ಮತ್ತು ಮಾಂಸ ಬಿಡುವ ವಿಷಯವನ್ನು ಹೇಳುತ್ತವೆ. ಇವು ಲತೀನ್ ಪದ್ಧತಿಯ ಕಥೋಲಿಕರಿಗೆ ಅನ್ವಯಿಸುತ್ತವೆ. ಮಂಗಳೂರು, ಬೆಂಗಳೂರು, ಮೈಸೂರು ಧರ್ಮಪ್ರಾಂತ್ಯಗಳು ಈ ಪದ್ಧತಿಯವು.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಫಾರ್ವರ್ಡ್‌ಗಳು ಇವೆರಡನ್ನೂ ಕಲಸಿಬಿಡುತ್ತವೆ.

ಒಂದು, ಮಾಂಸ ಬಿಡುವುದು. 14 ವರ್ಷ ತುಂಬಿದ ಎಲ್ಲರಿಗೂ ಇದು ಅನ್ವಯ. ಇದಕ್ಕೆ ಮೇಲಿನ ವಯಸ್ಸಿನ ಮಿತಿ ಇಲ್ಲ. ಕೋಳಿ, ಕುರಿ, ಹಂದಿ, ದನ ಮುಂತಾದವುಗಳ ಮಾಂಸ ಇದರಲ್ಲಿ ಬರುತ್ತದೆ. ಮೀನು, ಮೊಟ್ಟೆ, ಹಾಲು, ತುಪ್ಪ ಬರುವುದಿಲ್ಲ.

ಎರಡು, ಉಪವಾಸ. ಇದು 18 ವರ್ಷ ತುಂಬಿದವರಿಂದ 59 ವರ್ಷ ಮುಗಿಯುವವರೆಗಿನವರಿಗೆ ಮಾತ್ರ. ಅದೂ ವರ್ಷದಲ್ಲಿ ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಈ ಎರಡು ದಿನ ಉಪವಾಸವೂ ಇದೆ, ಮಾಂಸವೂ ಇಲ್ಲ. ಉಳಿದ ಶುಕ್ರವಾರಗಳಲ್ಲಿ ಮಾಂಸ ಬಿಡುವ ನಿಯಮ ಮಾತ್ರ.

ಉಪವಾಸ ಎಂಬ ಪದವೇ ನಮ್ಮಲ್ಲಿ ಗೊಂದಲ ಹುಟ್ಟಿಸುತ್ತದೆ. ಕನ್ನಡದಲ್ಲಿ ಉಪವಾಸ ಎಂದ ಕೂಡಲೇ ಏಕಾದಶಿಯ ನಿರಾಹಾರ ನೆನಪಾಗುತ್ತದೆ. ಇಲ್ಲವೇ ರಂಜಾನ್‌ನಲ್ಲಿ ಸೂರ್ಯ ಮುಳುಗುವವರೆಗೆ ನೀರೂ ಕುಡಿಯದ ರೋಜಾ ನೆನಪಾಗುತ್ತದೆ. ಕಥೋಲಿಕ ನಿಯಮದ ಉಪವಾಸ ಇವೆರಡೂ ಅಲ್ಲ. ದಿನಕ್ಕೆ ಒಂದು ಪೂರ್ತಿ ಊಟ, ಉಳಿದ ಹೊತ್ತಿನಲ್ಲಿ ಅಲ್ಪಾಹಾರ, ಅಷ್ಟೆ. ನಮ್ಮ ಹಳ್ಳಿಗಳಲ್ಲಿ ಒಪ್ಪೊತ್ತು ಇರುವುದು ಎನ್ನುತ್ತಾರಲ್ಲ, ಅದಕ್ಕೆ ಇದು ಹತ್ತಿರ. ನೀರು, ಔಷಧಿಗೆ ಅಡ್ಡಿಯೇ ಇಲ್ಲ.

ಈಗ ಅಜ್ಜಿಯ ಲೆಕ್ಕ ನೋಡಿ. ವಯಸ್ಸು 72. ಉಪವಾಸದ ನಿಯಮ ಅವರಿಗೆ 13 ವರ್ಷಗಳ ಹಿಂದೆಯೇ ಮುಗಿದಿದೆ. ಅದೂ ಅಲ್ಲದೆ ಅಂದು ಮಾಮೂಲಿ ಶುಕ್ರವಾರ, ಉಪವಾಸದ ದಿನವೇ ಅಲ್ಲ. ಸಂಜೆಯವರೆಗೆ ಖಾಲಿ ಹೊಟ್ಟೆಯಲ್ಲಿರಿ ಎಂದು ಅವರಿಗೆ ಯಾವ ನಿಯಮವೂ ಹೇಳಿರಲಿಲ್ಲ.

ಹಬ್ಬ ಬಂದರೆ ಏನಾಗುತ್ತದೆ?

1251ನೇ ವಿಧಿಯಲ್ಲಿ ಒಂದು ಚಿಕ್ಕ ವಿನಾಯಿತಿ ಇದೆ. ಎಲ್ಲ ಶುಕ್ರವಾರ ಮಾಂಸ ಬಿಡಬೇಕು, ಆದರೆ ಆ ಶುಕ್ರವಾರ ಒಂದು 'ಮಹೋತ್ಸವ' ಬಿದ್ದರೆ ಆ ನಿಯಮ ಇಲ್ಲ. ಇಡೀ ವಿಷಯ ನಿಂತಿರುವುದು ಈ ಒಂದು ಪದದ ಮೇಲೆ.

ನಮಗೆ ಎಲ್ಲವೂ ಹಬ್ಬವೇ. ಊರ ಹಬ್ಬ, ಮನೆ ಹಬ್ಬ, ಸಂತರ ಹಬ್ಬ. ಆದರೆ ಚರ್ಚ್‌ನ ಕ್ಯಾಲೆಂಡರ್‌ನಲ್ಲಿ ಇವಕ್ಕೆ ಮೂರು ದರ್ಜೆಗಳಿವೆ. ಅತಿ ದೊಡ್ಡದು ಮಹೋತ್ಸವ, ಇಂಗ್ಲಿಷ್‌ನಲ್ಲಿ ಸೊಲೆಮ್ನಿಟಿ. ಅದರ ಕೆಳಗೆ ಹಬ್ಬ, ಅಂದರೆ ಫೀಸ್ಟ್. ಅದಕ್ಕೂ ಕೆಳಗೆ ಸ್ಮರಣೆ, ಅಂದರೆ ಮೆಮೋರಿಯಲ್. ಸಾಮಾನ್ಯ ನಿಯಮದಲ್ಲಿ ಶುಕ್ರವಾರದ ಮಾಂಸದ ನಿರ್ಬಂಧ ತಾನಾಗಿಯೇ ತೆರವಾಗುವುದು ಮೊದಲನೆಯ ದರ್ಜೆಗೆ ಮಾತ್ರ. ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ.

ತಪಸ್ಸು ಕಾಲದಲ್ಲಿ ಇಡೀ ಲೋಕದ ಕಥೋಲಿಕರಿಗೆ ಸಾಮಾನ್ಯವಾಗಿ ಎದುರಾಗುವ ಮಹೋತ್ಸವಗಳು ಎರಡೇ.

ಮಾರ್ಚ್ 19: ಸಂತ ಜೋಸೆಫರ ಮಹೋತ್ಸವ. ಇವರನ್ನು 1870ರಲ್ಲಿ ಪೋಪ್ ಒಂಬತ್ತನೇ ಪಿಯುಸ್ ಇಡೀ ಧರ್ಮಸಭೆಯ ಪಾಲಕರೆಂದು ಘೋಷಿಸಿದರು.

ಮಾರ್ಚ್ 25: ಮಂಗಳವಾರ್ತೆಯ ಮಹೋತ್ಸವ. ದೇವದೂತ ಗಬ್ರಿಯೇಲ ಮರಿಯಳಿಗೆ ಯೇಸುವಿನ ಜನನದ ಸುದ್ದಿ ತಿಳಿಸಿದ ದಿನ. ಡಿಸೆಂಬರ್ 25ಕ್ಕೆ ಸರಿಯಾಗಿ ಒಂಬತ್ತು ತಿಂಗಳ ಮುಂಚೆ.

ಇವು ಶುಕ್ರವಾರ ಬಿದ್ದ ವರ್ಷ ನಿಯಮ ತಾನಾಗಿಯೇ ಸಡಿಲವಾಗುತ್ತದೆ. ಇದಕ್ಕೆ ಬಿಷಪ್ಪರ ಪತ್ರ ಬೇಕಿಲ್ಲ, ಪೋಪರ ಅನುಮತಿ ಬೇಕಿಲ್ಲ, ಫಾರ್ವರ್ಡ್ ಅಂತೂ ಬೇಕೇ ಇಲ್ಲ. 2021ರಲ್ಲಿ ಮಾರ್ಚ್ 19 ಶುಕ್ರವಾರ ಬಂದಿತ್ತು. 2022ರಲ್ಲಿ ಮಾರ್ಚ್ 25 ಶುಕ್ರವಾರ ಬಂದಿತ್ತು. 2027ರಲ್ಲಿ ಮತ್ತೆ ಮಾರ್ಚ್ 19 ಶುಕ್ರವಾರ.

ಇದಕ್ಕೆ ಪೂಜೆಗೆ ಹೋಗಲೇಬೇಕಾದ ಕಡ್ಡಾಯದ ದಿನವೂ ಆಗಿರಬೇಕು ಎಂದು ಕೆಲವರು ವಾದಿಸುತ್ತಾರೆ. ಹಾಗೇನಿಲ್ಲ. ಯಾವ ಮಹೋತ್ಸವದಂದು ಬಲಿಪೂಜೆ ಕಡ್ಡಾಯ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದಲ್ಲಿ ಮಾರ್ಚ್ 19 ಕಡ್ಡಾಯದ ದಿನವಲ್ಲ. ಆದರೂ ಆ ದಿನ ಮಹೋತ್ಸವವೇ ಆದ್ದರಿಂದ ಶುಕ್ರವಾರದ ವಿನಾಯಿತಿ ಅಲ್ಲಿಯೂ ಸಿಗುತ್ತದೆ.

ಇನ್ನೊಂದು ಮಾತು: ನಿಯಮ ಸಡಿಲವಾಯಿತು ಎಂದರೆ ಮಾಂಸ ತಿನ್ನಲೇಬೇಕು ಎಂದಲ್ಲ. ತಿನ್ನದೆ ಇರುವವರು ಹಬ್ಬಕ್ಕೆ ಅವಮಾನ ಮಾಡಿದಂತೆ ಎಂಬ ಸಂದೇಶಗಳೂ ಬರುತ್ತವೆ. ಅದಕ್ಕೂ ನಿಯಮದಲ್ಲಿ ಆಧಾರ ಇಲ್ಲ.

ಶುಭ ಶುಕ್ರವಾರದ ದಿನವೇ ಮಹೋತ್ಸವ ಬಂದರೆ?

ಇದು ನಿಜಕ್ಕೂ ಆಗುತ್ತದೆ. 2016ರಲ್ಲಿ ಮಾರ್ಚ್ 25 ಶುಭ ಶುಕ್ರವಾರವಾಗಿತ್ತು. ಹಾಗಾದರೆ ಆ ವರ್ಷ ಶುಭ ಶುಕ್ರವಾರ ಮಾಂಸ ತಿನ್ನಬಹುದಿತ್ತೇ? ಇಲ್ಲ.

ಚರ್ಚ್‌ನ ಕ್ಯಾಲೆಂಡರ್‌ನಲ್ಲಿ ಯಾವ ದಿನಕ್ಕೆ ಯಾವುದಕ್ಕಿಂತ ಮೇಲಿನ ಸ್ಥಾನ ಎಂಬ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಯೇಸುವಿನ ಮರಣ ಮತ್ತು ಪುನರುತ್ಥಾನದ ಮೂರು ದಿನಗಳು. ವಿಭೂತಿ ಬುಧವಾರ, ಪವಿತ್ರ ವಾರದ ದಿನಗಳು, ತಪಸ್ಸು ಕಾಲದ ಭಾನುವಾರಗಳು ಕೂಡ ಸಂತ ಜೋಸೆಫರ ಮಹೋತ್ಸವಕ್ಕಿಂತ ಮೇಲೆ. ಎರಡು ದಿನ ಡಿಕ್ಕಿ ಹೊಡೆದಾಗ ಕೆಳಗಿನದು ಜಾಗ ಬಿಟ್ಟುಕೊಡುತ್ತದೆ. ಅಂದರೆ ಆ ಮಹೋತ್ಸವವನ್ನೇ ಬೇರೆ ದಿನಕ್ಕೆ ಹಾಕುತ್ತಾರೆ.

2016ರಲ್ಲಿ ಆದದ್ದು ಅದೇ. ಮಂಗಳವಾರ್ತೆಯ ಮಹೋತ್ಸವ ಏಪ್ರಿಲ್ 4ಕ್ಕೆ ಹೋಯಿತು. ಶುಭ ಶುಕ್ರವಾರ ಎಂದಿನಂತೆ ಉಪವಾಸದ ದಿನವಾಗಿಯೇ ಉಳಿಯಿತು. 2023ರಲ್ಲಿ ಮಾರ್ಚ್ 19 ತಪಸ್ಸು ಕಾಲದ ಭಾನುವಾರ ಬಿತ್ತು, ಹಾಗಾಗಿ ಸಂತ ಜೋಸೆಫರ ಮಹೋತ್ಸವ ಮರುದಿನ ಸೋಮವಾರಕ್ಕೆ ಹೋಯಿತು. 2008ರಲ್ಲಿ ಈಸ್ಟರ್ ತುಂಬಾ ಬೇಗ, ಮಾರ್ಚ್ 23ಕ್ಕೇ ಬಂದಿತ್ತು. ಆಗ ಮಾರ್ಚ್ 19 ಪವಿತ್ರ ವಾರದೊಳಗೆ ಬಿತ್ತು. ಸಂತ ಜೋಸೆಫರನ್ನು ಆ ವರ್ಷ ಹಿಂದಕ್ಕೆ ತಂದು ಮಾರ್ಚ್ 15ರಂದೇ ಆಚರಿಸಿದರು.

2027ನೇ ವರ್ಷದಲ್ಲಿ ಈ ಎರಡೂ ಬಗೆ ಒಟ್ಟಿಗೆ ಸಿಗುತ್ತವೆ. ಆ ವರ್ಷ ಈಸ್ಟರ್ ಮಾರ್ಚ್ 28. ಮಾರ್ಚ್ 19 ಗರಿಗಳ ಭಾನುವಾರಕ್ಕೆ ಎರಡು ದಿನ ಮುಂಚಿನ ಶುಕ್ರವಾರ. ಪವಿತ್ರ ವಾರ ಇನ್ನೂ ಶುರುವಾಗಿರುವುದಿಲ್ಲ, ಹಾಗಾಗಿ ಸಂತ ಜೋಸೆಫರ ಮಹೋತ್ಸವ ಅದೇ ದಿನ ಉಳಿಯುತ್ತದೆ. ಅಂದು ಮಾಂಸದ ನಿಯಮ ಇಲ್ಲ. ಆದರೆ ಮಾರ್ಚ್ 25 ಪವಿತ್ರ ಗುರುವಾರ. ಮಂಗಳವಾರ್ತೆಯ ಮಹೋತ್ಸವ ಈಸ್ಟರ್ ಮತ್ತು ಅದರ ವಾರ ಕಳೆದು ಏಪ್ರಿಲ್ 5ಕ್ಕೆ ಹೋಗುತ್ತದೆ. ಮಾರ್ಚ್ 26 ಶುಭ ಶುಕ್ರವಾರ, ಅಂದು ಉಪವಾಸವೂ ಇದೆ, ಮಾಂಸವೂ ಇಲ್ಲ. ಒಂದು ವಾರದ ಅಂತರದಲ್ಲಿ ಎರಡು ಶುಕ್ರವಾರ, ಎರಡು ಬೇರೆ ಉತ್ತರ. ಆ ಮಾರ್ಚ್‌ನಲ್ಲಿ ನಿಮ್ಮ ಗುಂಪುಗಳಲ್ಲಿ ಎಂಥ ಸಂದೇಶಗಳು ಓಡಾಡಬಹುದು ಎಂದು ಈಗಲೇ ಊಹಿಸಬಹುದು. ಈ ಪ್ಯಾರಾ ಉಳಿಸಿಟ್ಟುಕೊಳ್ಳಿ.

ಹಾಗಾದರೆ ಅಮೆರಿಕದ ಆ ಪತ್ರ?

2023ರ ಮಾರ್ಚ್ 17 ಶುಕ್ರವಾರ, ಸಂತ ಪ್ಯಾಟ್ರಿಕರ ದಿನ. ಐರ್ಲೆಂಡಿನಲ್ಲಿ ಪ್ಯಾಟ್ರಿಕರು ದೇಶದ ಪಾಲಕ ಸಂತರು. ಅಲ್ಲಿನ ಕ್ಯಾಲೆಂಡರ್‌ನಲ್ಲಿ ಆ ದಿನ ಮಹೋತ್ಸವ. ಹಾಗಾಗಿ ಅಲ್ಲಿ ನಿಯಮ ತಾನಾಗಿಯೇ ಸಡಿಲವಾಯಿತು. ಲೋಕದ ಸಾಮಾನ್ಯ ಕ್ಯಾಲೆಂಡರ್‌ನಲ್ಲಿ ಅದೇ ದಿನ ಬರೀ ಸ್ಮರಣೆ. ಬೇರೆಡೆ ಸಡಿಲಿಕೆ ಇಲ್ಲ.

ಅಮೆರಿಕದಲ್ಲಿ ಐರಿಷ್ ಮೂಲದ ಕಥೋಲಿಕರು ಬಹಳ. ಆ ದಿನ ಅವರ ಮನೆಗಳಲ್ಲಿ ಉಪ್ಪಿನಲ್ಲಿ ಹಾಕಿದ ದನದ ಮಾಂಸ ಮತ್ತು ಎಲೆಕೋಸಿನ ಅಡುಗೆ ವಾಡಿಕೆ. ಹಾಗಾಗಿ ಅಲ್ಲಿನ ಹಲವು ಬಿಷಪ್ಪರು ತಮ್ಮ ತಮ್ಮ ಧರ್ಮಪ್ರಾಂತ್ಯಕ್ಕೆ ಆ ಒಂದು ದಿನದ ವಿನಾಯಿತಿ ಕೊಟ್ಟರು. ಕೆಲವರು, ಮಾಂಸ ತಿಂದವರು ಬದಲಿಗೆ ಬೇರೆ ದಿನ ಬಿಡಬೇಕು ಅಥವಾ ಬೇರೊಂದು ತ್ಯಾಗ ಮಾಡಬೇಕು ಎಂದರು. ಇನ್ನು ಕೆಲವರು ವಿನಾಯಿತಿ ಕೊಡಲೇ ಇಲ್ಲ. ಒಂದೇ ದೇಶದಲ್ಲಿ, ಒಂದೇ ದಿನ, ಪಕ್ಕಪಕ್ಕದ ಎರಡು ಧರ್ಮಪ್ರಾಂತ್ಯಗಳಲ್ಲೇ ಉತ್ತರ ಬೇರೆಯಾಗಬಹುದಿತ್ತು.

ಇದು ಮೊದಲ ಸಲವೂ ಅಲ್ಲ. 2018ರಲ್ಲಿ ಚೀನೀ ಹೊಸ ವರ್ಷ ಫೆಬ್ರುವರಿ 16ರ ಶುಕ್ರವಾರ, ವಿಭೂತಿ ಬುಧವಾರದ ಎರಡೇ ದಿನಕ್ಕೆ ಬಂದಿತ್ತು. ಆಗಲೂ ಕೆಲವು ಬಿಷಪ್ಪರು ಅದನ್ನು ಆಚರಿಸುವ ಸಮುದಾಯಗಳಿಗೆ ವಿನಾಯಿತಿ ಕೊಟ್ಟಿದ್ದರು.

ಈ ವಿನಾಯಿತಿಗೆ ಇಂಗ್ಲಿಷ್‌ನಲ್ಲಿ ಡಿಸ್ಪೆನ್ಸೇಶನ್ ಎನ್ನುತ್ತಾರೆ. ಇದರ ಗುಣ ನೆನಪಿಡಿ: ಕೊಟ್ಟ ಬಿಷಪ್ಪರ ಜನರಿಗೆ ಮತ್ತು ಆ ದಿನ ಆ ಊರಿನಲ್ಲಿರುವವರಿಗೆ ಮಾತ್ರ ಅದು ಸಲ್ಲುತ್ತದೆ. ಅಮೆರಿಕದಲ್ಲಿರುವ ನಿಮ್ಮ ಮಗಳಿಗೆ ಅದು ಅನ್ವಯಿಸಬಹುದು. ಅವಳು ಅದನ್ನು ಫಾರ್ವರ್ಡ್ ಮಾಡಿದ ಮಾತ್ರಕ್ಕೆ ಉಡುಪಿಯಲ್ಲಿರುವ ನಿಮಗೆ ಅನ್ವಯಿಸುವುದಿಲ್ಲ. ರಜೆಯ ಸುತ್ತೋಲೆಯ ಹಾಗೆಯೇ ಇದೂ. ಕೊಡಗಿನಲ್ಲಿ ಮಳೆಗೆ ಶಾಲೆಗೆ ರಜೆ ಕೊಟ್ಟ ಆದೇಶ ತೋರಿಸಿ ಕಲಬುರಗಿಯ ಮಕ್ಕಳು ಮನೆಯಲ್ಲಿ ಉಳಿಯಲಾಗದು.

ನಮ್ಮಲ್ಲಿ ಹೆಚ್ಚು ಬರುವ ಪ್ರಶ್ನೆಗಳು

ಹೊಸತೊಡಕಿಗೆ ಊಟಕ್ಕೆ ಕರೆದಿದ್ದಾರೆ, ಅದೂ ಹಬ್ಬವೇ ಅಲ್ಲವೇ?

ಬೆಂಗಳೂರು, ಮಂಡ್ಯ, ಮೈಸೂರು ಕಡೆ ಯುಗಾದಿಯ ಮಾರನೆಯ ದಿನ ಹೊಸತೊಡಕು. ಬಾಡೂಟಕ್ಕೆ ನೆರೆಹೊರೆಯವರನ್ನು ಕರೆಯುವ ದಿನ. ಯುಗಾದಿ ಹೆಚ್ಚಾಗಿ ಬರುವುದೇ ತಪಸ್ಸು ಕಾಲದಲ್ಲಿ. ಆದರೆ ವಿನಾಯಿತಿ ಇರುವುದು ಚರ್ಚ್ ಕ್ಯಾಲೆಂಡರ್‌ನ ಮಹೋತ್ಸವಕ್ಕೆ ಮಾತ್ರ. 2026ರ ಕ್ಯಾಲೆಂಡರ್ ಇದಕ್ಕೆ ಒಳ್ಳೆಯ ಉದಾಹರಣೆ. ಮಾರ್ಚ್ 19ರ ಗುರುವಾರ ಯುಗಾದಿಯೂ ಹೌದು, ಸಂತ ಜೋಸೆಫರ ಮಹೋತ್ಸವವೂ ಹೌದು. ಮಾರನೆಯ ದಿನ ಶುಕ್ರವಾರ. ಗುರುವಾರದ ಮಹೋತ್ಸವ ಶುಕ್ರವಾರಕ್ಕೆ ಮುಂದುವರಿಯುವುದಿಲ್ಲ. ಹಾಗಾಗಿ ಸಾಮಾನ್ಯ ನಿಯಮದ ಪ್ರಕಾರ ಆ ಶುಕ್ರವಾರ ಮಾಂಸ ಇಲ್ಲ. ಕರೆದವರ ಮನೆಗೆ ಹೋಗಿ ಪಾಯಸ, ಕೋಸಂಬರಿ ಉಂಡು ಬರಲು ಯಾವ ಅಡ್ಡಿಯೂ ಇಲ್ಲ. ಹೋಗಲೇಬೇಕಾದ, ತಿನ್ನಲೇಬೇಕಾದ ಸಂದರ್ಭ ಎನಿಸಿದರೆ ಧರ್ಮಕೇಂದ್ರದ ಗುರುಗಳನ್ನು ಕೇಳಬಹುದು. ತಕ್ಕ ಕಾರಣವಿದ್ದಾಗ ಒಬ್ಬ ವ್ಯಕ್ತಿಗೆ ಅಥವಾ ಒಂದು ಕುಟುಂಬಕ್ಕೆ ವಿನಾಯಿತಿ ಕೊಡುವ, ಅಥವಾ ಬದಲಿಗೆ ಬೇರೊಂದು ಸತ್ಕಾರ್ಯ ಸೂಚಿಸುವ ಅಧಿಕಾರ 1245ನೇ ವಿಧಿಯಂತೆ ಅವರಿಗೆ ಇದೆ.

ವ್ಯಾಲೆಂಟೈನ್ಸ್ ಡೇ ದಿನ ವಿಭೂತಿ ಬುಧವಾರ ಬಂದರೆ?

2018 ಮತ್ತು 2024ರಲ್ಲಿ ಫೆಬ್ರುವರಿ 14 ವಿಭೂತಿ ಬುಧವಾರವೇ ಆಗಿತ್ತು. 2029ರಲ್ಲೂ ಹಾಗೆಯೇ ಬರುತ್ತದೆ. ಉಪವಾಸದ ನಿಯಮ ಬದಲಾಗುವುದಿಲ್ಲ.

ಫೆಬ್ರುವರಿ 22ರ ಸಂತ ಪೇತ್ರರ ಪೀಠದ ಹಬ್ಬ?

ಇದು ಎರಡನೆಯ ದರ್ಜೆಯ ಹಬ್ಬ. 2013ರಲ್ಲಿ ಇದು ತಪಸ್ಸು ಕಾಲದ ಶುಕ್ರವಾರ ಬಂದಿತ್ತು. ಮಾಂಸದ ನಿಯಮ ಆಗಲೂ ಇತ್ತು.

ನಮ್ಮ ಚರ್ಚ್‌ನ ಪಾಲಕ ಸಂತರ ಹಬ್ಬ ಶುಕ್ರವಾರ ಬಂದರೆ?

ಇಲ್ಲಿ ಉತ್ತರ ಬೇರೆ. ಒಂದು ಚರ್ಚ್ ಯಾವ ಸಂತರ ಹೆಸರಿನಲ್ಲಿದೆಯೋ ಆ ಸಂತರ ದಿನ ಆ ಚರ್ಚ್‌ನ ಮಟ್ಟಿಗೆ ಮಹೋತ್ಸವ. ಪಕ್ಕದ ಊರಿನ ಚರ್ಚ್‌ಗೆ ಅದು ಬರೀ ಸ್ಮರಣೆಯಾಗಿರಬಹುದು. ಆದರೆ ಜಾತ್ರೆ, ಪಲ್ಲಕ್ಕಿ, ಊಟ ಇರುವ ದಿನವೂ ಕ್ಯಾಲೆಂಡರ್‌ನ ದಿನವೂ ಎಷ್ಟೋ ಸಲ ಬೇರೆ ಬೇರೆ. ಹಾಗಾಗಿ ಇದನ್ನು ನಿಮ್ಮ ಗುರುಗಳನ್ನೇ ಕೇಳಿ ಖಚಿತ ಮಾಡಿಕೊಳ್ಳಬೇಕು.

ನಾನು ಇಡೀ 40 ದಿನ ಮಾಂಸ ಬಿಟ್ಟಿದ್ದೇನೆ. ಭಾನುವಾರ, ಮಾರ್ಚ್ 19 ತಿನ್ನಬಹುದೇ?

40 ದಿನ ಮಾಂಸ ಬಿಡುವುದು ಹಲವು ಕುಟುಂಬಗಳ ಸಂಪ್ರದಾಯ. ಈಗಿನ ಲತೀನ್ ನಿಯಮ ಅಷ್ಟನ್ನು ಕೇಳುವುದಿಲ್ಲ. ಅದು ನೀವೇ ಮಾಡಿಕೊಂಡ ಸಂಕಲ್ಪ, ಅದರ ವಿವರವೂ ನಿಮ್ಮದೇ. ಒಂದು ಸಂಗತಿ ಮಾತ್ರ ತಿಳಿದಿರಲಿ: ವಿಭೂತಿ ಬುಧವಾರದಿಂದ ಈಸ್ಟರ್‌ನ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ ಆಗುತ್ತದೆ. ಆರು ಭಾನುವಾರ ಕಳೆದರೆ 40. ಭಾನುವಾರವನ್ನು ಹಿಂದಿನಿಂದಲೂ ಉಪವಾಸದ ದಿನವೆಂದು ಎಣಿಸಿಲ್ಲ.

ಶುಕ್ರವಾರ ಸಂಜೆಯ ಪೂಜೆ ಮುಗಿದ ಮೇಲೆ ತಿನ್ನಬಹುದಂತೆ, ಹೌದೇ?

ಇಲ್ಲ. ಇಲ್ಲಿ ದಿನ ಎಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ, ನೀವು ಇರುವ ಊರಿನ ಗಡಿಯಾರದಂತೆ. ಸಂಜೆ ಶಿಲುಬೆ ಹಾದಿ ಮುಗಿಸಿ ಬಂದರೂ ಶುಕ್ರವಾರ ಶುಕ್ರವಾರವೇ.

ಪಕ್ಕದ ಮನೆಯ ಮಲಯಾಳಿ ಕಥೋಲಿಕರ ನಿಯಮವೇ ಬೇರೆ ಇದೆಯಲ್ಲ?

ಇರಬಹುದು, ಅವರು ಹೇಳುವುದು ಸುಳ್ಳಲ್ಲ. ಸೀರೋ ಮಲಬಾರ್, ಸೀರೋ ಮಲಂಕರ ಸಭೆಗಳು ಪೋಪರೊಂದಿಗೇ ಇರುವ ಕಥೋಲಿಕ ಸಭೆಗಳು. ಆದರೆ ಅವುಗಳಿಗೆ 1990ರಲ್ಲಿ ಬಂದ ಬೇರೆ ಕಾನೂನು ಪುಸ್ತಕ ಇದೆ. ಉಪವಾಸದ ವಿವರಗಳನ್ನು ಪ್ರತಿಯೊಂದು ಸಭೆಯ ಸ್ವಂತ ನಿಯಮ ತೀರ್ಮಾನಿಸಬೇಕು ಎಂದು ಅದು ಹೇಳುತ್ತದೆ. ಅವರ ತಪಸ್ಸು ಕಾಲ ಬುಧವಾರ ಅಲ್ಲ, ಸೋಮವಾರ ಶುರುವಾಗುತ್ತದೆ. ಬೆಳ್ತಂಗಡಿ, ಭದ್ರಾವತಿ, ಮಂಡ್ಯ ಸೀರೋ ಮಲಬಾರ್ ಧರ್ಮಪ್ರಾಂತ್ಯಗಳು. ಪುತ್ತೂರು ಸೀರೋ ಮಲಂಕರ ಧರ್ಮಪ್ರಾಂತ್ಯ. ಹಾಗಾಗಿ ನಮ್ಮ ದಕ್ಷಿಣ ಕನ್ನಡದ ಒಂದೇ ಬೀದಿಯ ಎರಡು ಕಥೋಲಿಕ ಮನೆಗಳಲ್ಲಿ ಎರಡು ನಿಯಮ ಇರಬಹುದು. ಎರಡೂ ಸರಿಯೇ.

ಅಜ್ಜಿ ಹೇಳಿದ್ದು ಸುಳ್ಳಾ?

ಹಿರಿಯರ ಮಾತು ಮತ್ತು ಈಗಿನ ನಿಯಮ ಹೊಂದುವುದಿಲ್ಲ ಎಂದು ಎಷ್ಟೋ ಮನೆಗಳಲ್ಲಿ ಮನಸ್ತಾಪ ಆಗುತ್ತದೆ. ಆದರೆ ಅಜ್ಜಿಯರು ಸುಳ್ಳು ಹೇಳುತ್ತಿಲ್ಲ. ಅವರು ಕಲಿತದ್ದು ಹಳೆಯ ಪುಸ್ತಕ.

1983ಕ್ಕೆ ಮುಂಚೆ ಇದ್ದದ್ದು 1917ರ ಕಾನೂನು. ಅದರಲ್ಲಿ ಮಾಂಸ ಬಿಡುವ ನಿಯಮ ಏಳು ವರ್ಷ ತುಂಬಿದ ಮಕ್ಕಳಿಗೇ ಶುರುವಾಗುತ್ತಿತ್ತು. ಮಾಂಸದ ಸಾರೂ ಕೂಡದು ಎಂದಿತ್ತು. ತಪಸ್ಸು ಕಾಲದ ವಾರದ ದಿನಗಳೆಲ್ಲ ಉಪವಾಸದ ದಿನಗಳೇ. ಪ್ರದೇಶಗಳಿಗೆ ಅನುಗುಣವಾಗಿ ಸಡಿಲಿಕೆಗಳು ಇದ್ದವು, ಆದರೆ ಮೂಲ ನಿಯಮ ಅಷ್ಟು ಬಿಗಿ.

ಹಬ್ಬದ ವಿಷಯದಲ್ಲೂ ಒಂದು ದೊಡ್ಡ ವ್ಯತ್ಯಾಸ ಇತ್ತು. ಕಡ್ಡಾಯದ ಹಬ್ಬದ ದಿನ ಮಾಂಸದ ನಿಯಮ ಇಲ್ಲ ಎಂದು ಆ ಕಾನೂನೂ ಹೇಳುತ್ತಿತ್ತು. ಆದರೆ ಜೊತೆಗೇ, ತಪಸ್ಸು ಕಾಲದೊಳಗೆ ಬರುವ ಹಬ್ಬಕ್ಕೆ ಈ ಸಡಿಲಿಕೆ ಇಲ್ಲ ಎಂದೂ ಸೇರಿಸಿತ್ತು. ಅಂದರೆ ತಪಸ್ಸು ಕಾಲದಲ್ಲಿ ಯಾವ ಹಬ್ಬ ಬಂದರೂ ಮಾಂಸ ಇಲ್ಲ ಎಂದು ಅಜ್ಜಿ ಹೇಳಿದರೆ, ಅವರ ಬಾಲ್ಯದಲ್ಲಿ ಅದು ನಿಜವಾಗಿತ್ತು.

1966ರ ಫೆಬ್ರುವರಿ 17ರಂದು ಪೋಪ್ ಆರನೇ ಪೌಲ್ ಈ ವ್ಯವಸ್ಥೆಯನ್ನು ಬದಲಿಸಿದರು. ಉಪವಾಸದ ದಿನಗಳು ಬಹಳ ಕಡಿಮೆಯಾದವು, ಮಕ್ಕಳ ವಯಸ್ಸು 14ಕ್ಕೆ ಏರಿತು. ಪ್ರಾರ್ಥನೆ, ದಾನ, ಸೇವೆಯ ಮೂಲಕವೂ ತಪಸ್ಸು ಮಾಡಬಹುದು ಎಂಬ ಒತ್ತು ಬಂತು. ಈಗಿನ ವಿಧಿಗಳು ಅದರ ಮೇಲೆ ಕಟ್ಟಿದವು. ಒಂದು ದೇಶದ ಬಿಷಪ್ಪರ ಸಮ್ಮೇಳನ ತನ್ನ ದೇಶಕ್ಕೆ ತಕ್ಕ ವಿವರಗಳನ್ನು ನಿಗದಿಪಡಿಸಬಹುದು, ಮಾಂಸದ ಬದಲು ಬೇರೆ ಆಹಾರ ಅಥವಾ ಬೇರೆ ತಪಸ್ಸು ಸೂಚಿಸಬಹುದು ಎಂಬ ಅವಕಾಶವೂ ಇದೆ. ಅದಕ್ಕೇ ಇಂಟರ್ನೆಟ್‌ನಲ್ಲಿ ಸಿಗುವ ಬೇರೆ ದೇಶದ ಪಟ್ಟಿಯನ್ನು ನೇರವಾಗಿ ನಮ್ಮ ಮನೆಗೆ ಇಳಿಸಿಕೊಳ್ಳಬಾರದು.

ಆರೋಗ್ಯದ ಮಾತು, ದಯವಿಟ್ಟು ಇದನ್ನು ಓದಿ

ತಪ್ಪು ತಿಳಿದು ಮಾಂಸ ತಿಂದರೆ ದೇಹಕ್ಕೆ ಹಾನಿ ಇಲ್ಲ. ತಪ್ಪು ತಿಳಿದು ಊಟ ಬಿಟ್ಟರೆ ಕೆಲವರಿಗೆ ಹಾನಿ ಇದೆ.

ಇನ್ಸುಲಿನ್ ಚುಚ್ಚಿಸಿಕೊಳ್ಳುವವರು, ಶುಗರ್ ಇಳಿಸುವ ಕೆಲವು ಬಗೆಯ ಮಾತ್ರೆ ನುಂಗುವವರು ಔಷಧಿ ತೆಗೆದುಕೊಂಡು ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ಕೈ ನಡುಕ, ಎದೆಬಡಿತ, ಕಣ್ಣು ಮಂಜು, ತೊದಲು ಮಾತು, ಗೊಂದಲ ಇದರ ಲಕ್ಷಣಗಳು. ಹಾಗಾದಾಗ ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ತಕ್ಷಣ ಸಕ್ಕರೆ, ಗ್ಲೂಕೋಸ್ ಅಥವಾ ಸಿಹಿ ಪಾನೀಯ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಉಪವಾಸಕ್ಕೆಂದು ಮಾತ್ರೆಯನ್ನೇ ಬಿಡುವುದೂ ಸರಿಯಲ್ಲ. ವೈದ್ಯರನ್ನು ಕೇಳದೆ ಎರಡನ್ನೂ ಮಾಡಬೇಡಿ.

ಚರ್ಚ್ ಇದನ್ನು ಕೇಳುತ್ತಲೂ ಇಲ್ಲ. ಕಾಯಿಲೆ ಇರುವವರು, ಗರ್ಭಿಣಿಯರು, ಎದೆಹಾಲು ಕೊಡುವ ತಾಯಂದಿರು ಉಪವಾಸ ಮಾಡಿ ಆರೋಗ್ಯ ಕೆಡಿಸಿಕೊಳ್ಳಬೇಕೆಂದು ಯಾವ ನಿಯಮದಲ್ಲೂ ಇಲ್ಲ. ಇಂಥವರಿಗೆ ಉಪವಾಸದಿಂದ ಬಿಡುವು ಇದೆ ಎಂದೇ ಚರ್ಚ್‌ಗಳಲ್ಲಿ ತಿಳಿಸುತ್ತಾರೆ. ನಿಮ್ಮ ಮನೆಯ ಹಿರಿಯರು ಪಾಪದ ಭಯದಿಂದ ಊಟ ಬಿಡುತ್ತಿದ್ದರೆ, ನೀವು ಹೇಳಿದರೆ ಕೇಳದೆ ಇರಬಹುದು. ಗುರುಗಳಿಂದಲೇ ಒಂದು ಮಾತು ಹೇಳಿಸಿ. ನಾವು ಮೊದಲು ಹೇಳಿದ ಅಜ್ಜಿ ಕೇಳಿದ್ದು ಹಾಗೆಯೇ. ಮೊಮ್ಮಗಳು ಬೆಳಿಗ್ಗೆಯೇ ಚರ್ಚ್‌ಗೆ ಫೋನ್ ಮಾಡಿ ಸ್ಪೀಕರ್‌ನಲ್ಲಿ ಇಟ್ಟಳು. ಗುರುಗಳು ಎರಡೇ ಮಾತು ಹೇಳಿದರು: ತಿಂಡಿ ತಿನ್ನಿ, ಮಾತ್ರೆ ತಗೊಳ್ಳಿ. ಅಜ್ಜಿ ಎರಡು ಇಡ್ಲಿ ತಿಂದರು. ಮಸಾಲೆ ಹಚ್ಚಿದ ಕೋಳಿ ಭಾನುವಾರದ ಊಟಕ್ಕೆ ಆಯಿತು.

ಇನ್ನು ಗುಂಪಿನಲ್ಲಿ ಪಾಪ, ಪಾಪ ಎಂದು ಬರೆದ ಮಾವನಿಗೆ ಒಂದು ಮಾತು. ಗಂಭೀರ ಪಾಪ ಆಗಬೇಕಾದರೆ ಪೂರ್ತಿ ತಿಳಿವು ಇರಬೇಕು, ಬೇಕೆಂದೇ ಮಾಡಿರಬೇಕು ಎಂಬುದು ಕಥೋಲಿಕ ಬೋಧನೆ. ಸುಳ್ಳು ಸಂದೇಶ ನಂಬಿ, ಅನುಮತಿ ಇದೆ ಎಂದುಕೊಂಡು ತಿಂದವರನ್ನು ಎಲ್ಲರೆದುರು ಜರಿಯುವುದಕ್ಕೆ ಆ ಬೋಧನೆಯಲ್ಲಿ ಆಧಾರ ಸಿಗುವುದಿಲ್ಲ.

ಫಾರ್ವರ್ಡ್ ಮಾಡುವ ಮುಂಚೆ ಮೂರು ಪ್ರಶ್ನೆ

ಒಂದು, ಯಾವ ದರ್ಜೆಯ ದಿನ? ಮಹೋತ್ಸವವೋ, ಬರೀ ಹಬ್ಬವೋ, ಸ್ಮರಣೆಯೋ? ಚರ್ಚ್‌ನಲ್ಲಿ ಸಿಗುವ ವರ್ಷದ ಕ್ಯಾಲೆಂಡರ್‌ನಲ್ಲಿ ಇದನ್ನು ಬರೆದಿರುತ್ತಾರೆ.

ಎರಡು, ಯಾವ ಊರಿನದು? ಬಿಷಪ್ಪರ ಪತ್ರವಾದರೆ ಯಾವ ಧರ್ಮಪ್ರಾಂತ್ಯ ಎಂದು ನೋಡಿ. ನಿಮ್ಮದಲ್ಲದಿದ್ದರೆ ಅದು ನಿಮಗೆ ಅಲ್ಲ.

ಮೂರು, ಯಾವ ವರ್ಷದ್ದು? ಮಾರ್ಚ್ 19, ಮಾರ್ಚ್ 25 ಪ್ರತಿ ವರ್ಷ ಬರುತ್ತವೆ, ಪ್ರತಿ ವರ್ಷ ಶುಕ್ರವಾರ ಬರುವುದಿಲ್ಲ. ಈಸ್ಟರ್ ದಿನಾಂಕ ಬದಲಾದಂತೆ ಉತ್ತರವೂ ಬದಲಾಗುತ್ತದೆ.

ಈ ಮೂರಕ್ಕೂ ಉತ್ತರ ಆ ಸಂದೇಶದಲ್ಲಿ ಇಲ್ಲದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಒಂದು ಫೋನ್ ಮಾಡಿ. ಒಂದೇ ನಿಮಿಷದ ಕೆಲಸ. ಅವರು ಹೇಳಿದ್ದನ್ನು, ದಿನಾಂಕ ಮತ್ತು ಊರಿನ ಹೆಸರಿನ ಸಮೇತ, ಗುಂಪಿಗೆ ಹಾಕಿ. ಮುಂದಿನ ವರ್ಷ ಅದೇ ಸಂದೇಶ ಇನ್ಯಾರದೋ ಮನೆಯ ಅಜ್ಜಿಗೆ ತಲುಪಿದಾಗ, ಇದು ಹಳೆಯದು ಎಂದು ಅವರಿಗೆ ಗೊತ್ತಾಗಲಿ.